ಬೀಗರ ಗುಡ್ಡದ ಬಿಳಿ ಜಾಗ

ಅರೆಹಾಳು ಈಗ ಹೆಸರಿಗೆ ಪಟ್ಟಣ. ಎರಡು ಪೆಟ್ರೋಲ್ ಬಂಕು, ಒಂದು ಸಂತೆ ಮೈದಾನ, ನಾಲ್ಕು ದಿಕ್ಕಿಗೂ ಬಸ್ಸು ಎಲ್ಲವೂ ಇವೆ. ಆದರೂ ಮಧ್ಯಾಹ್ನ ಎರಡು ಗಂಟೆಗೆ ಬಂದು ನೋಡಿದರೆ ರಸ್ತೆಯ ಮೇಲೆ ಜನರಿಗಿಂತ ಮೇಕೆಗಳೇ ಹೆಚ್ಚು. ಇಲ್ಲಿಯ ನಾಡಕಚೇರಿಯ ಒಳಗೋಡೆಗೆ ಗಾಜಿನ ಚೌಕಟ್ಟು ಹಾಕಿಸಿದ ಮೂರು ನಕಾಶೆಗಳನ್ನು ತೂಗುಹಾಕಿದ್ದಾರೆ. ಮೊದಲನೆಯದು ನೂರೈವತ್ತು ವರ್ಷದಷ್ಟು ಹಳೆಯದು, ಕೈಯಲ್ಲಿ ಬರೆದದ್ದು. ಅದರಲ್ಲಿ ಗುಡ್ಡಗಳೆಲ್ಲ ಕಂಬಳಿಹುಳ ಮಲಗಿದ ಹಾಗೆ ಸಣ್ಣ ಸಣ್ಣ ಗೀರುಗಳಲ್ಲಿವೆ. ಎರಡನೆಯದು ಅಚ್ಚಾದದ್ದು, ಏರಿಳಿತಗಳಿಗೆ ಕಂದು ಬಣ್ಣದ ಸುತ್ತುಗೆರೆ. ಮೂರನೆಯದು ಆಕಾಶದಿಂದ ತೆಗೆದ ಚಿತ್ರ ನೋಡಿ ಮಾಡಿದ್ದಂತೆ. ಮೂರನ್ನೂ ಸಾಲಾಗಿ ನೋಡುತ್ತ ಹೋದರೆ ಊರಿನ ವಯಸ್ಸು ತಿಳಿಯುತ್ತದೆ. ಕೆರೆ ಕುಗ್ಗಿದೆ, ಗೋಮಾಳ ಮಾಯವಾಗಿದೆ, ಕಾಲುದಾರಿ ಹೆದ್ದಾರಿಯಾಗಿದೆ. ಬದಲಾಗದ್ದು ಒಂದೇ. ಅರೆಹಾಳಿಗೂ ಅದರ ಮೂಡಣದ ಬೆಣಕನೂರಿಗೂ ನಡುವೆ ಇರುವ ಗುಡ್ಡದ ನೆತ್ತಿಯಲ್ಲಿ, ಅವರೆಕಾಳಿನ ಆಕಾರದ ಒಂದು ಜಾಗಕ್ಕೆ ಬಣ್ಣವೇ ಇಲ್ಲ. ಅರೆಹಾಳಿನ ಸರಹದ್ದು ಹಳದಿ, ಬೆಣಕನೂರಿನದು ಹಸಿರು, ಈ ಕಾಳು ಮಾತ್ರ ಬರೀ ಕಾಗದದ ಬಿಳುಪು. ಪಕ್ಕದಲ್ಲಿ ಬೀಗರ ಗುಡ್ಡ ಎಂದು ಬರೆದಿದೆ. ಹೊಸದಾಗಿ ವರ್ಗವಾಗಿ ಬಂದ ಗುಮಾಸ್ತರು ಯಾರೋ ಬಣ್ಣ ಹಚ್ಚುವುದನ್ನು ಮರೆತಿದ್ದಾರೆ ಎಂದುಕೊಂಡು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು! ಆ ಬಿಳುಪಿನ ಮೇಲೆ ಒಬ್ಬ ಮುದುಕನ ಜೀವ ಹದಿನೈದು ದಿನ ತೂಗಾಡಿದ್ದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಹಿಂದೆ ಒಮ್ಮೆ, ನಮ್ಮ ಮುತ್ತಜ್ಜಂದಿರಿಗೆ ಇನ್ನೂ ಮೀಸೆ ಮೂಡದ ಕಾಲದಲ್ಲಿ, ಆ ಗುಡ್ಡಕ್ಕೆ ಹೆಸರೇ ಇರಲಿಲ್ಲ ಎನ್ನುತ್ತಾರೆ. ಅರೆಹಾಳಿನವರು ಅದನ್ನು ಮೂಡಲ ಗುಡ್ಡ ಎಂದರೆ ಬೆಣಕನೂರಿನವರು ಪಡುವಲ ಗುಡ್ಡ ಎನ್ನುತ್ತಿದ್ದರು. ಅಷ್ಟರಲ್ಲೇ ಇಬ್ಬರ ಕೆಲಸವೂ ನಡೆಯುತ್ತಿತ್ತು. ನೆತ್ತಿಯ ಮೇಲೆ ಎರಡು ದೊಡ್ಡ ಬಂಡೆಗಳ ನಡುವೆ ಒಂದು ದೋಣೆ. ಬಂಡೆಯಲ್ಲಿ ತಾನಾಗಿ ಆದ ನೀರಿನ ಗುಂಡಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಒಳಗೆಲ್ಲೋ ಒಂದು ಸೆಲೆ ಇದೆ. ಎಷ್ಟು ತೋಡಿದರೂ ಸ್ವಲ್ಪ ಹೊತ್ತಿಗೆ ಮತ್ತೆ ಮೊಳಕಾಲುದ್ದ ನೀರು ನಿಲ್ಲುತ್ತದೆ. ಊರೊಳಗೆ ಬಾವಿಗಳಿದ್ದವರಿಗೆ ಈ ದೋಣೆ ದನ ಮೇಯಿಸುವಾಗ ನೆನಪಾಗುವ ಜಾಗ ಅಷ್ಟೆ. ಆದರೆ ಮುಟ್ಟಿದರೆ ಮೈಲಿಗೆ ಎಂದು ಊರು ಹೊರಗಿಟ್ಟಿದ್ದ ಕೇರಿಯವರಿಗೆ ಆ ಬಾವಿಗಳ ಕಟ್ಟೆ ಹತ್ತುವಂತಿರಲಿಲ್ಲ. ಅವರ ಮನೆಯ ಅನ್ನ, ಅಂಬಲಿ, ಬಾಣಂತಿಯ ಸ್ನಾನ, ಸತ್ತವರ ಬಾಯಿಗೆ ಬಿಡುವ ಕಡೆಯ ಹನಿ ಎಲ್ಲವೂ ಆ ದೋಣೆಯದೇ. ಅರೆಹಾಳಿನ ಕೇರಿಯ ಹೆಂಗಸರು ಈ ಕಡೆಯಿಂದ ಹತ್ತುತ್ತಿದ್ದರು, ಬೆಣಕನೂರಿನ ಕೇರಿಯ ಹೆಂಗಸರು ಆ ಕಡೆಯಿಂದ. ನೀರು ಯಾವ ಊರಿನದು ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಕೇಳುವ ಅಗತ್ಯವೂ ಬಿದ್ದಿರಲಿಲ್ಲ.

ಅಗತ್ಯ ಬಿದ್ದದ್ದು ಅಳತೆಯವರು ಬಂದಾಗ. ಮೂರು ಕಾಲಿನ ದುರ್ಬೀನು, ಉದ್ದದ ಸರಪಳಿ, ಕೆಂಪು ಬಿಳಿ ನಿಶಾನೆಗಳು, ಹನ್ನೆರಡು ಗಾಡಿ ಸಾಮಾನು ಕಟ್ಟಿಕೊಂಡು ಒಬ್ಬ ಬಿಳಿಯ ದೊರೆ ಬಂದು ಕೆರೆಯಂಗಳದಲ್ಲಿ ಡೇರೆ ಹಾಕಿದ. ಅವನ ಜೊತೆ ನಕಾಶೆ ಬರೆಯುವ ಗುಂಡೋಪಂತರೆಂಬ ತೆಳ್ಳನೆಯ ಮನುಷ್ಯರು. ದೊರೆಯ ಮಾತನ್ನು ಊರಿಗೂ ಊರಿನ ಮಾತನ್ನು ದೊರೆಗೂ ದಾಟಿಸುತ್ತಿದ್ದವರು ಅವರೇ. ಭೂಮಿಯನ್ನು ಕಾಗದಕ್ಕೆ ಇಳಿಸುತ್ತೇವೆ, ಒಮ್ಮೆ ಇಳಿಸಿದ ಮೇಲೆ ಅದೇ ಸ್ಥಿರ, ಯಾವ ಊರಿನ ಗೆರೆಯೊಳಗೆ ಏನು ಬಿದ್ದಿತೋ ಅದು ಆ ಊರಿನದು ಎಂದು ಅವರು ಚಾವಡಿಯಲ್ಲಿ ಸಾರಿದರು. ಎಲ್ಲೆಗಳೆಲ್ಲ ಸುಲಭವಾಗಿಯೇ ಸಿಕ್ಕವು. ಹಳ್ಳ, ಹುಣಸೆಮರ, ಗೆರೆ ಕೊರೆದ ಕಲ್ಲು ಎಂದು ಹಿರಿಯರು ತೋರಿಸುತ್ತ ಹೋದರು. ತೊಡಕಾದದ್ದು ಗುಡ್ಡದ ಮೇಲೆ. ತೆಂಕಣ ತಪ್ಪಲಿನ ಕರಡಿಕಲ್ಲಿನಿಂದ ಬಡಗಣ ತಪ್ಪಲಿನ ಜೋಡಿಬೇವಿಗೆ ಎಲ್ಲೆ ಹೋಗುತ್ತದೆ ಎಂಬುದನ್ನು ಎರಡೂ ಊರು ಒಪ್ಪಿದವು. ನಡುವೆ ದೋಣೆಯ ಯಾವ ಮಗ್ಗುಲಿಗೆ ಹಾಯುತ್ತದೆ ಎಂದು ಕೇಳಿದಾಗ ಅರೆಹಾಳಿನ ಗೌಡ ಆಚೆ ಮಗ್ಗುಲು ಎಂದ, ಬೆಣಕನೂರಿನ ಗೌಡ ಈಚೆ ಮಗ್ಗುಲು ಎಂದ. ಅಲ್ಲಿಯವರೆಗೆ ಆ ನೀರಿನ ಕಡೆ ತಿರುಗಿಯೂ ನೋಡದಿದ್ದ ಇಬ್ಬರಿಗೂ ಅದು ಒಮ್ಮೆಲೇ ತಾತ ಮುತ್ತಾತಂದಿರ ಆಸ್ತಿಯಾಗಿಬಿಟ್ಟಿತು. ಗೆದ್ದವರು ಸೋತ ಊರಿನ ಕೇರಿಗೆ ನೀರು ಬಿಡುವುದಿಲ್ಲ ಎಂಬ ಮಾತೂ ಆ ಬಿಸಿಯಲ್ಲೇ ಹುಟ್ಟಿತು.

ಇಂಥ ಜಗಳಕ್ಕೆ ನಮ್ಮ ಸೀಮೆಯಲ್ಲಿ ಒಂದು ಹಳೆಯ ಕಟ್ಟಳೆ ಇತ್ತು. ಎಲ್ಲೆಯ ಮಾತನ್ನು ಗೌಡನೂ ಹೇಳುವಂತಿಲ್ಲ, ಶಾನುಭೋಗನೂ ಹೇಳುವಂತಿಲ್ಲ. ಅದು ಕುಳುವಾಡಿಯ ಮಾತು. ಊರಿನ ಸೇವೆಗೆಂದು ಕೇರಿಯಿಂದ ನಿಂತವನು ಕುಳುವಾಡಿ, ಊರ ಬಾವಿ ಮುಟ್ಟಲಾಗದವನು, ಆದರೆ ಊರಿನ ನೆಲ ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಅವನೇ ಸಾಕ್ಷಿ. ಊರ ಮಣ್ಣನ್ನು ಕಲಸಿ ಉಂಡೆ ಮಾಡಿ, ನಡುವೆ ಬೆರಳಿನಿಂದ ಕುಳಿ ತೋಡಿ, ಅದರಲ್ಲಿ ನೀರು ತುಂಬಿ, ಅದನ್ನು ತಲೆಯ ಮೇಲಿಟ್ಟುಕೊಂಡು ಅವನು ಎಲ್ಲೆ ನಡೆಯಬೇಕು. ನಡೆದದ್ದು ಸರಿಯಾದರೆ ಉಂಡೆ ಗಟ್ಟಿಯಾಗಿ ನಿಲ್ಲುತ್ತದೆ. ತನ್ನದಲ್ಲದ ನೆಲಕ್ಕೆ ಕಾಲಿಟ್ಟರೆ, ಬೇಕೆಂದೇ ಇಡಲಿ ತಿಳಿಯದೆ ಇಡಲಿ, ಉಂಡೆ ತಾನಾಗಿ ಬಿರಿಯುತ್ತದೆ. ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಅವನ ಮನೆ ಹಾಳುಬೀಳುತ್ತದೆ. ಇದನ್ನು ನಂಬದವರು ಆಗ ಇರಲಿಲ್ಲ, ಈಗಲೂ ನಮ್ಮಲ್ಲಿ ಜೋರಾಗಿ ನಗುವವರು ಕಡಿಮೆ.

ಅರೆಹಾಳಿನ ಕುಳುವಾಡಿ ಉಚ್ಚೆಂಗೆಪ್ಪನಿಗೆ ಆಗ ಅರವತ್ತು ದಾಟಿತ್ತು. ಹೆಂಡತಿ ತೀರಿಕೊಂಡಿದ್ದಳು, ಮಗ ಗಾಡಿಗಳ ಜೊತೆ ಘಟ್ಟದ ಕೆಳಗೆ ಉಪ್ಪು ತರಲು ಹೋಗಿದ್ದ. ಮನೆಯಲ್ಲಿದ್ದವಳು ಸೊಸೆ ಮೈಲವ್ವ. ಅವಳು ಬೆಣಕನೂರಿನ ಕುಳುವಾಡಿ ದುಗ್ಗಪ್ಪನ ಮಗಳು. ಅಂದರೆ ಎಲ್ಲೆಯ ಎರಡು ಕಡೆಯ ಕುಳುವಾಡಿಗಳೂ ಒಬ್ಬರಿಗೊಬ್ಬರು ಬೀಗರು. ದೋಣೆಯ ಬಳಿ ಮೈಲವ್ವ ದಿನವೂ ತವರಿನ ಹೆಂಗಸರನ್ನು ಕಾಣುತ್ತಿದ್ದಳು, ಎರಡು ಕೇರಿಯ ಸುದ್ದಿಗಳೂ ಅಲ್ಲಿಯೇ ಅದಲುಬದಲಾಗುತ್ತಿದ್ದವು. ಮೊದಲು ಅರೆಹಾಳಿನ ಕುಳುವಾಡಿ ನಡೆಯಲಿ, ಅವನ ಗೆರೆ ಹಾಕಿಕೊಂಡ ಮೇಲೆ ಬೆಣಕನೂರಿನವನು ನಡೆಯಲಿ ಎಂದು ದೊರೆಯ ಅಪ್ಪಣೆಯಾಯಿತು. ಉಚ್ಚೆಂಗೆಪ್ಪ ಹೂಂ ಎಂದು ಮನೆಗೆ ಬಂದು ಜಗಲಿಯ ಮೇಲೆ ಕೂತವನು ಊಟಕ್ಕೂ ಏಳಲಿಲ್ಲ. ಅವನ ಭಯ ಯಾರಿಗೂ ಹೇಳುವಂಥದ್ದಲ್ಲ. ಎಲ್ಲೆ ದೋಣೆಯ ಯಾವ ಮಗ್ಗುಲಿಗೆ ಹಾಯುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವನ ಅಪ್ಪ ಗುಡ್ಡದವರೆಗೆ ಎಲ್ಲ ಗುರುತು ತೋರಿಸಿ, ಮೇಲೆ ದೋಣೆಯ ಹತ್ತಿರ ಹಾಯುತ್ತದೆ ಎಂದು ಮಾತ್ರ ಹೇಳಿ ಕಣ್ಣು ಮುಚ್ಚಿದ್ದ. ಹತ್ತಿರ ಎಂದರೆ ಯಾವ ಹತ್ತಿರ ಎಂದು ಇವನೂ ಕೇಳಿರಲಿಲ್ಲ.

ನಡೆಯುವ ಹಿಂದಿನ ದಿನ ಗೌಡ ಮರುಳನಗೌಡ ಅವನನ್ನು ಕರೆಸಿದ. ಗೌಡ ಕೆಟ್ಟವನೇನಲ್ಲ, ಆದರೆ ಸೋಲು ಎಂಬುದನ್ನು ಹುಟ್ಟಿನಿಂದ ರುಚಿ ನೋಡದವನು. "ಉಚ್ಚೆಂಗ್ಯಾ, ಬಂಡೆಗಲ್ಲಿನ ಆಚೆಗೇ ಹಾಯಬೇಕು ನೋಡು," ಎಂದ. "ಉಂಡಿ ಒಡದ್ರ ಒಡೀಲಿ. ಆ ದೊರಿಗೆ ಉಂಡಿ ಗಿಂಡಿ ತಿಳಿಯಂಗಿಲ್ಲ. ನಿನ್ನ ಕಾಲು ಎಲ್ಲಿ ಬೀಳತಾವೋ ಅಲ್ಲಿ ಗೆರಿ ಎಳೀತಾನ. ನಿಮ್ಮ ಕೇರಿಗೇ ಅಲ್ಲೇನಲೇ ನೀರು ಬೇಕಾಗಿದ್ದು?" ಅದೇ ಮಾತು ಉಚ್ಚೆಂಗೆಪ್ಪನ ಎದೆಗೆ ಚುಚ್ಚಿತು. ಗೌಡ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹದಿನೈದು ದಿನ ಕಾಯುವವರು ಊರವರು, ಕಾಗದವಲ್ಲ. ಆಚೆ ಮಗ್ಗುಲಿಗೆ ಹಾಯ್ದು ತಾನು ಸತ್ತರೂ ಕೇರಿಯ ಅರವತ್ತು ಮನೆಗೆ ನೀರು ಉಳಿಯುತ್ತದೆ. ಅರವತ್ತು ದಾಟಿದ ಜೀವ, ಇನ್ನೆಷ್ಟು ದಿನ? ಮನೆಗೆ ಬರುವಷ್ಟರಲ್ಲಿ ಅವನು ಗಟ್ಟಿ ಮಾಡಿಕೊಂಡಿದ್ದ. ಆಚೆಗೇ ಹಾಯುವುದು, ಒಡೆದರೆ ಒಡೆಯಲಿ, ಸಾಯುವುದು. ಸೊಸೆಗೆ ಏನೂ ಹೇಳಲಿಲ್ಲ. ಅವಳಿಗೆ ಹೇಳದೆಯೇ ತಿಳಿದಿತ್ತು. ಬೆಳಿಗ್ಗೆ ಉಂಡೆಗೆ ನೀರು ತಂದುಕೊಟ್ಟವಳು ಅವನ ಮುಖ ನೋಡಿ, "ಮಾವ, ನೀರಿಲ್ದಿದ್ರ ಮೂರು ಹರದಾರಿ ನಡದು ತರತೀನಿ. ನೀವು ಇಲ್ದಿದ್ರ ಎಲ್ಲಿಂದ ತರಲಿ?" ಎಂದಳು. ಅವನು ಸಿಂಬಿ ಸರಿಮಾಡಿಕೊಂಡ.

ಕರಡಿಕಲ್ಲಿನ ಬಳಿ ಎರಡೂ ಊರು ನೆರೆದಿದ್ದವು. ಉಚ್ಚೆಂಗೆಪ್ಪ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ನಿಂತು, ಊರ ದೇವರನ್ನೂ ತನ್ನ ಹಿರಿಯರನ್ನೂ ನೆನೆದು ಉಂಡೆಯನ್ನು ತಲೆಗೇರಿಸಿದ. ದೊಡ್ಡ ಕುಂಬಳಕಾಯಿಯಷ್ಟು ಮಣ್ಣು, ಒಳಗೆ ಒಂದು ಬೊಗಸೆ ನೀರು. ಅವನ ಹಿಂದೆ ನಿಶಾನೆ ಹಿಡಿದವರು, ಅವರ ಹಿಂದೆ ಸುಣ್ಣದ ಗುರುತು ಹಾಕುವವರು, ಅವರ ಹಿಂದೆ ಜನ. ಬಂಡೆಗಳು ಕಾಣುವವರೆಗೆ ಅವನ ಹೆಜ್ಜೆ ಅಳುಕಲಿಲ್ಲ, ಅಲ್ಲಿಯವರೆಗಿನ ನೆಲ ಅವನ ಅಂಗಾಲಿಗೆ ಗೊತ್ತಿತ್ತು. ದೋಣೆ ಇಪ್ಪತ್ತು ಮಾರು ದೂರವಿರುವಾಗ ಅವನು ನಿಂತ. ಬಿಸಿಲಿಗೆ ಮಣ್ಣು ಬೆಚ್ಚಗಾಗಿ ತಲೆಯ ಮೇಲೆ ಒಂದು ಜೀವಂತ ಪ್ರಾಣಿ ಕೂತ ಹಾಗಿತ್ತು. ಬಲಕ್ಕೆ ಹೊರಳಿದರೆ ಬಂಡೆಯ ಆಚೆ, ಕೇರಿಗೆ ನೀರು. ಎಡಕ್ಕೆ ಹೊರಳಿದರೆ ಈಚೆ, ತನಗೆ ಜೀವ. ಬಲಗಾಲು ಎತ್ತಿದ. ಎತ್ತಿದ ಕಾಲನ್ನು ಇಡಲು ನೆಲ ನೋಡಿದಾಗ, ಈ ನೆಲ ನನ್ನದೋ ಅವರದೋ ಎಂದು ತನ್ನನ್ನೇ ಕೇಳಿಕೊಂಡ. ಗೊತ್ತಿಲ್ಲ ಎಂದು ಒಳಗಿನಿಂದ ಉತ್ತರ ಬಂತು. ಗೊತ್ತಿಲ್ಲದ್ದನ್ನು ನನ್ನದೆನ್ನಲು ಹಿರಿಯರ ಮಣ್ಣು ತಲೆಯ ಮೇಲಿರುವಾಗ ಅವನ ಕಾಲು ಒಪ್ಪಲಿಲ್ಲ. ಅವನು ಎಡಕ್ಕೆ ಹೊರಳಿ, ಬಂಡೆಯ ಈಚೆ ಮಗ್ಗುಲಿನಿಂದ, ದೋಣೆಯನ್ನು ಪೂರ್ತಿ ಹೊರಗೆ ಬಿಟ್ಟು ಸುತ್ತು ಹಾಕಿ ಬಡಗಣಕ್ಕೆ ಇಳಿದ. ಜೋಡಿಬೇವಿನ ಕೆಳಗೆ ಉಂಡೆ ಇಳಿಸಿದಾಗ ಅದರಲ್ಲಿ ಕೂದಲೆಳೆಯ ಬಿರುಕೂ ಇರಲಿಲ್ಲ, ಒಂದು ತೊಟ್ಟು ನೀರೂ ತುಳುಕಿರಲಿಲ್ಲ.

ಆಮೇಲಿನ ಎರಡು ದಿನ ಅರೆಹಾಳಿನಲ್ಲಿ ಅವನ ಪಾಲಿಗೆ ಮಾತೇ ಸತ್ತುಹೋಯಿತು. ಮರುಳನಗೌಡ ಚಾವಡಿಯ ಮುಂದೆ ಅವನನ್ನು ಕಂಡು ಮುಖ ತಿರುಗಿಸಿದ. ಅದನ್ನು ತಡೆದುಕೊಳ್ಳಬಹುದಿತ್ತು. ಕೇರಿಯ ಹೆಂಗಸರು ಖಾಲಿ ಕೊಡ ಹಿಡಿದು ಅವನ ಮನೆಯ ಮುಂದೆ ಸುಮ್ಮನೆ ಹಾದುಹೋದದ್ದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಒಬ್ಬ ಮುದುಕಿ ಮಾತ್ರ ನಿಂತು, "ನಿನ್ನ ಉಂಡಿ ಗಟ್ಟಿ ಉಳೀತು ಬಿಡಪ್ಪ, ನಮ್ಮ ಗಡಗಿ ಒಣಗಿದ್ವು," ಎಂದಳು. ಉಚ್ಚೆಂಗೆಪ್ಪನಿಗೆ ಅಳು ಬಂತು, ಜಗಲಿಯ ಮೇಲೆ ಕೂತು ಎಲ್ಲರೆದುರಿಗೇ ಅತ್ತ.

ಮೂರನೆಯ ದಿನ ದುಗ್ಗಪ್ಪನ ಸರದಿ. ಅವನಿಗೆ ದಾರಿ ಸಲೀಸಾಗಿ ಬಿದ್ದಿತ್ತು. ಬೀಗನು ಬಿಟ್ಟುಕೊಟ್ಟ ಸುಣ್ಣದ ಗುರುತಿನ ಮೇಲೆಯೇ ಕಾಲಿಡುತ್ತ ಹೋದರೆ ದೋಣೆ ಬೆಣಕನೂರಿನದು, ಇನ್ನೊಂದು ಊರೇ ಅದನ್ನು ಒಪ್ಪಿಯಾಗಿದೆ. ಬೆಣಕನೂರಿನವರು ಆಗಲೇ ಕಾಯಿ ಒಡೆಯಲು ಬುಟ್ಟಿ ತಂದಿದ್ದರು. ಉಚ್ಚೆಂಗೆಪ್ಪ ಬರುವುದಿಲ್ಲವೆಂದೇ ಎಲ್ಲರೂ ಅಂದುಕೊಂಡಿದ್ದರು, ಅವನು ಬಂದು ಗುಂಪಿನ ಕೊನೆಯಲ್ಲಿ ನಿಂತ. ದುಗ್ಗಪ್ಪ ಎತ್ತರದ ಆಳು, ಉಂಡೆ ಹೊತ್ತು ಹತ್ತುವಾಗ ದೂರದಿಂದಲೂ ಕಾಣುತ್ತಿದ್ದ. ಬಿಳಿ ಗುರುತುಗಳ ಮೇಲೆ ಒಂದೇ ಸಮನೆ ನಡೆದು ಬಂದ. ಬಂಡೆಗಳ ಹತ್ತಿರ ಬಂದಾಗ ಅವನೂ ನಿಂತ, ಉಚ್ಚೆಂಗೆಪ್ಪ ನಿಂತಿದ್ದ ಜಾಗದಲ್ಲೇ. ಎಷ್ಟು ಹೊತ್ತು ನಿಂತನೆಂದರೆ ದೊರೆ ದುರ್ಬೀನಿನಿಂದ ಕಣ್ಣು ತೆಗೆದು ಪಂತರನ್ನು ಏನಾಯಿತೆಂದು ಕೇಳಿದ. ಆಮೇಲೆ ದುಗ್ಗಪ್ಪ ಗುರುತುಗಳನ್ನು ಎಡಕ್ಕೆ ಬಿಟ್ಟು ಬಲಕ್ಕೆ ಹೊರಳಿದ. ಬಂಡೆಯ ಆಚೆ ಮಗ್ಗುಲಿಗೆ, ತನ್ನ ಊರಿನ ಕಡೆಗೇ ಸರಿದು, ದೋಣೆಯನ್ನು ತಾನೂ ಹೊರಗೆ ಬಿಟ್ಟು ನಡೆದುಬಿಟ್ಟ. ಕಾಯಿಯ ಬುಟ್ಟಿ ಹಿಡಿದವರು ಬಾಯಿ ತೆರೆದು ನಿಂತರು. ಬೆಣಕನೂರಿನ ಗೌಡ ಜೋಡಿಬೇವಿನ ಕೆಳಗೆ ಅವನನ್ನು ಹಿಡಿದು ನಿಲ್ಲಿಸಿ ಯಾಕೆಂದು ಗದರಿದ. ದುಗ್ಗಪ್ಪ ಉಂಡೆಯನ್ನು ಮೆಲ್ಲಗೆ ಇಳಿಸಿ ಬೆವರು ಒರೆಸಿಕೊಂಡ. "ಅವರು ಬಿಟ್ರಂತ ನಂದು ಆಗತೈತೇನ್ರಿ ಧಣಿ? ಅದು ನಮ್ಮದಂತ ನಮ್ಮಪ್ಪ ಹೇಳಿಲ್ಲ," ಎಂದ. ಅವನ ಉಂಡೆಯೂ ಗಟ್ಟಿಯಾಗಿತ್ತು.

ದೊರೆಗೆ ಇದು ಅರ್ಥವಾಗಲಿಲ್ಲ. ಸರಪಳಿ ತಪ್ಪಿರಬೇಕೆಂದು ಎರಡು ಸಲ ಎಳೆಸಿದ, ದುರ್ಬೀನು ಬದಲಿಸಿ ನೋಡಿದ. ಎರಡು ಗೆರೆ ಕರಡಿಕಲ್ಲಿನಿಂದ ಒಂದಾಗಿ ಹೊರಟು, ನೆತ್ತಿಯಲ್ಲಿ ಬೇರೆಯಾಗಿ, ಜೋಡಿಬೇವಿನ ಬಳಿ ಮತ್ತೆ ಒಂದಾಗುತ್ತಿದ್ದವು. ನಡುವೆ ಉದ್ದಕ್ಕೆ ನೂರು ಮಾರು, ಅಗಲಕ್ಕೆ ಮೂವತ್ತು ಮಾರು ನೆಲ ಯಾರದೂ ಅಲ್ಲ. ಅವನು ಇಪ್ಪತ್ತೆರಡು ವರ್ಷದಿಂದ ಊರೂರು ಅಳೆದವನು. ಎಲ್ಲಿ ಹೋದರೂ ಎರಡು ಊರಿನ ಗೆರೆ ಒಂದರ ಮೇಲೊಂದು ಹತ್ತಿ, ಒಂದೇ ನೆಲವನ್ನು ಇಬ್ಬರೂ ನಮ್ಮದೆನ್ನುವುದನ್ನೇ ಕಂಡಿದ್ದ. ಇಬ್ಬರೂ ನಮ್ಮದಲ್ಲ ಎಂದು ಬಿಟ್ಟ ನೆಲವನ್ನು ಅವನು ಕಾಗದದ ಮೇಲೆ ಬರೆದೇ ಇರಲಿಲ್ಲ. ಪಂತರು ಆಣೆಯ ಕಟ್ಟಳೆಯನ್ನು ಬಿಡಿಸಿ ಹೇಳಿದರು. ಹೆಚ್ಚು ನಡೆದವನಿಗೆ ಸಾವು ಹೇಳಿದೆ ಈ ಕಟ್ಟಳೆ, ಕಡಿಮೆ ನಡೆದವನಿಗೆ ಏನೂ ಹೇಳಿಲ್ಲ, ಆದ್ದರಿಂದ ಸಂಶಯ ಬಂದವನು ತನ್ನೊಳಕ್ಕೇ ಒಂದು ಹೆಜ್ಜೆ ಸರಿಯುತ್ತಾನೆ ಎಂದರು. ದೊರೆ ಬಹಳ ಹೊತ್ತು ಗುಡ್ಡವನ್ನು ನೋಡಿ, ತಲೆಯ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡನಂತೆ. ಗೆರೆಗಳನ್ನು ಸದ್ಯಕ್ಕೆ ಸೀಸದ ಕಡ್ಡಿಯಲ್ಲೇ ಇಡಿ, ಇವರ ಹದಿನೈದು ದಿನ ಮುಗಿಯಲಿ, ಆಮೇಲೆ ಮಸಿ ಹಾಕೋಣ ಎಂದ. ಆಣೆಯನ್ನು ನಂಬದವನು ಹದಿನೈದು ದಿನ ಡೇರೆ ಕೀಳದೆ ಕಾದ.

ಕಾದದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ, ಹತ್ತನೆಯ ದಿನ ಉಚ್ಚೆಂಗೆಪ್ಪನಿಗೆ ಜ್ವರ ಏರಿತು. ಸುದ್ದಿ ಎರಡೂ ಊರಿಗೆ ಹಬ್ಬಿತು. ನೋಡಿ, ಸುಳ್ಳು ನಡೆದಿದ್ದಾನೆ, ನಮ್ಮ ನೆಲವನ್ನು ಬಿಟ್ಟುಕೊಟ್ಟದ್ದೂ ಸುಳ್ಳೇ ಅಲ್ಲವೇ ಎಂದು ಚಾವಡಿಯಲ್ಲಿ ಮಾತಾಯಿತು. ಅವನು ಸತ್ತರೆ ಗೆರೆಗಳೆರಡನ್ನೂ ಅಳಿಸಿ ಮತ್ತೆ ಜಗಳ ಎಬ್ಬಿಸಲು ಇಬ್ಬರು ಗೌಡರೂ ಬಾಗಿಲಲ್ಲೇ ನಿಂತ ಹಾಗಿದ್ದರು. ಉಚ್ಚೆಂಗೆಪ್ಪನನ್ನು ಸುಡುತ್ತಿದ್ದದ್ದು ಬರೀ ಜ್ವರವಲ್ಲ. ಮೈಲವ್ವ ಒದ್ದೆ ಬಟ್ಟೆ ಹಣೆಗೆ ಹಾಕುವಾಗ ಅವಳ ಕೈ ಹಿಡಿದು, "ಯವ್ವಾ, ಜೀವದ ಆಸೆಗೆ ಸರದೆನೋ, ಸತ್ಯಕ್ಕ ಸರದೆನೋ ನನಗ ತಿಳೀವಲ್ದು. ಆಸೆಗೆ ಸರದಿದ್ರ ನಾ ಹೋಗೋದ ಖರೆ," ಎಂದ. ಅವಳು ಬಟ್ಟೆ ಹಿಂಡಿದಳು. ಅದನ್ನು ಮತ್ತೆ ಹಣೆಗಿಡುತ್ತ, "ನಮ್ಮಪ್ಪನೂ ಅಲ್ಲೇ ಸರದಾನಲ್ರಿ ಮಾವ. ಅವಂಗ ಯಾವ ಆಸೆ ಇತ್ತು?" ಎಂದಳು. ಉಚ್ಚೆಂಗೆಪ್ಪ ಅದನ್ನು ಯೋಚಿಸಿರಲಿಲ್ಲ. ಹದಿಮೂರನೆಯ ದಿನ ಬೆವರು ಬಿಟ್ಟಿತು, ಹದಿನಾಲ್ಕನೆಯ ದಿನ ಗಂಜಿ ಕುಡಿದ, ಹದಿನೈದರ ಹಗಲು ಕೋಲೂರಿ ಜಗಲಿಗೆ ಬಂದು ಕೂತ. ಕೇರಿಯವರು ಒಬ್ಬೊಬ್ಬರಾಗಿ ಬಂದು ದೂರದಿಂದಲೇ ಅವನನ್ನು ನೋಡಿ, ಮಾತಾಡಿಸದೆ, ಕೈಮುಗಿದು ಹೋದರು.

ಹದಿನಾರನೆಯ ಬೆಳಿಗ್ಗೆ ಪಂತರು ಮಸಿಯ ಕುಡಿಕೆ ಹಿಡಿದು ಗುಡ್ಡ ಹತ್ತಿದಾಗ ಇಬ್ಬರು ಕುಳುವಾಡಿಗಳೂ ಅಲ್ಲಿದ್ದರು. ದುಗ್ಗಪ್ಪನಿಗೆ ಇನ್ನೂ ಎರಡು ದಿನ ಉಳಿದಿತ್ತು, ಆದರೆ ಅವನು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದ. ಬೀಗನನ್ನು ಕೈಹಿಡಿದು ಹತ್ತಿಸಿಕೊಂಡು ಬಂದವನೂ ಅವನೇ. ಇಬ್ಬರೂ ದೋಣೆಯ ಅಂಚಿನಲ್ಲಿ ಕೂತು, ನೀವು ಮೊದಲು ಕುಡಿಯಿರಿ ಬೀಗರೇ ಎಂದು ಒಬ್ಬ, ಛೇ ಛೇ ನೀವು ಮೊದಲು ಎಂದು ಇನ್ನೊಬ್ಬ, ಹೀಗೆ ಒಂದೇ ತೆಂಗಿನ ಚಿಪ್ಪನ್ನು ಆಚೆ ಈಚೆ ತಳ್ಳಾಡುತ್ತಿದ್ದರು. ಮದುವೆ ಮನೆಯ ಪಂಕ್ತಿಯಲ್ಲಿ ಬೀಗರು ಮಾಡುವ ಈ ಉಪಚಾರ ಎಲ್ಲರೂ ಕಂಡದ್ದೇ. ಪಂತರಿಗೆ ನಗುವೂ ಬಂತು, ಕಣ್ಣೂ ತುಂಬಿತು. ಈ ಗುಡ್ಡದ ಹೆಸರು ಏನು ಬರೆಯಲಿ ಎಂದು ಮೂಡಲ ಪಡುವಲಗಳ ನಡುವೆ ಅಷ್ಟು ದಿನ ತಲೆಕೆಡಿಸಿಕೊಂಡಿದ್ದವರು ಯಾರನ್ನೂ ಕೇಳದೆಯೇ ಬೀಗರ ಗುಡ್ಡ ಎಂದು ಬರೆದರು. ಎರಡು ದಿನ ಕಳೆದ ಮೇಲೆ ಗೆರೆಗಳಿಗೂ ಮಸಿ ಬಿತ್ತು. ಯಾರದೂ ಅಲ್ಲದ ನೀರನ್ನು ಯಾರೂ ತಡೆಯುವಂತಿರಲಿಲ್ಲ, ಎರಡು ಕೇರಿಯ ಕೊಡಗಳೂ ಮತ್ತೆ ಗುಡ್ಡ ಹತ್ತಿದವು.

ಮರುಳನಗೌಡನಿಗೆ ಮಾತ್ರ ಇದು ಗಂಟಲಲ್ಲಿ ಇಳಿಯಲಿಲ್ಲ. ಇನ್ನೊಮ್ಮೆ ಎಲ್ಲೆ ನಡೆಯಬೇಕೆಂದು ಡೇರೆಗೆ ಹೋಗಿ ಹಟ ಹಿಡಿದ. ಕಾಗದ ಇನ್ನೂ ಮೇಲಕ್ಕೆ ಹೋಗಿಲ್ಲ, ನಡೆಯಿರಿ, ಆದರೆ ಅದೇ ಕಟ್ಟಳೆಯಲ್ಲಿ ಎಂದರು ಪಂತರು. ಉಚ್ಚೆಂಗೆಪ್ಪ ಕೈಮುಗಿದು, "ಗೌಡ್ರೇ, ಈ ತಲಿ ಒಂದು ಸಲ ಹೊತ್ತೈತಿ. ಇನ್ನ ಹೊರೂದಿಲ್ಲ," ಎಂದ. ಹಾಗಾದರೆ ನಾನೇ ಹೊರುತ್ತೇನೆ, ಮಣ್ಣಿಗೇನು ಜಾತಿಯೇ ಎಂದ ಗೌಡ. ಮಾತು ಬಾಯಿಂದ ಬಿದ್ದ ಮೇಲೆ ಹಿಂದಕ್ಕೆ ಬರುವಂತಿರಲಿಲ್ಲ. ಮರುದಿನ ಊರೇ ನೆರೆಯಿತು. ಉಚ್ಚೆಂಗೆಪ್ಪನೇ ಉಂಡೆ ಕಲಸಿ ಗೌಡನ ತಲೆಗೆ ಕೂರಿಸಿದ. ಬಿಸಿಲು ಹದವಾಗಿಯೇ ಇತ್ತು, ಆದರೆ ಕರಡಿಕಲ್ಲಿನಿಂದ ಹತ್ತು ಹೆಜ್ಜೆಗೆ ಗೌಡನ ಮೈ ನೀರಾಯಿತು. ಬಂಡೆಗಳ ಹತ್ತಿರ ಬಂದು ಆಚೆ ಮಗ್ಗುಲಿಗೆ ಕಾಲೆತ್ತಿದಾಗ ಹುಬ್ಬಿನ ಮೇಲಿಂದ ಒಂದು ಹನಿ ಕಣ್ಣಿಗೆ ಇಳಿಯಿತು. ಬೆವರೋ ಉಂಡೆಯ ನೀರೋ ಅವನಿಗೆ ತಿಳಿಯಲಿಲ್ಲ. "ಉಚ್ಚೆಂಗಪ್ಪಾ," ಎಂದ, ಆ ಹೆಸರನ್ನು ಅವನು ಪೂರ್ತಿ ಕರೆದದ್ದು ಅದೇ ಮೊದಲು, "ಬಿರುಕು ಬಿಟ್ಟೈತೇನು ನೋಡೋ." ಮುದುಕ ಹತ್ತಿರ ಬಂದು ಸುತ್ತಲೂ ನೋಡಿ, "ಇಲ್ರಿ ಗೌಡ್ರೇ, ಇನ್ನೂ ಇಲ್ಲ," ಎಂದ. ಆ 'ಇನ್ನೂ' ಎಂಬ ಮಾತಿಗೆ ಗೌಡ ಎತ್ತಿದ ಕಾಲನ್ನು ಮುಂದಿಡಲಿಲ್ಲ. ಎರಡೂ ಕೈಯಿಂದ ಉಂಡೆಯನ್ನು ಇಳಿಸಿ ಬಂಡೆಯ ಬುಡದಲ್ಲಿಟ್ಟು, ಅಲ್ಲೇ ಕುಸಿದು ಕೂತ. ಬಾಯಿ ಒಣಗಿ ನಾಲಗೆ ಹೊರಳುತ್ತಿರಲಿಲ್ಲ.

ದೋಣೆ ನಾಲ್ಕು ಹೆಜ್ಜೆಯಲ್ಲಿತ್ತು. ಗೌಡನ ಆಳುಗಳು ಯಾರೂ ಹತ್ತಿರವಿರಲಿಲ್ಲ, ಇದ್ದವನು ಉಚ್ಚೆಂಗೆಪ್ಪ ಒಬ್ಬನೇ. ಅವನು ಚಿಪ್ಪು ಅದ್ದಿ ನೀರು ತಂದು, ಅಭ್ಯಾಸದಂತೆ ದೂರ ನಿಂತು, ಏನು ಮಾಡುವುದೆಂದು ತಿಳಿಯದೆ ಗೌಡನ ಮುಖ ನೋಡಿದ. ಊರೊಳಗೆ ಆಗಿದ್ದರೆ ಅವನು ಮುಟ್ಟಿದ ಆ ನೀರನ್ನು ನೆಲಕ್ಕೆ ಚೆಲ್ಲಬೇಕಿತ್ತು. ಕೆಳಗೆ ನೂರಾರು ಜನ ನೋಡುತ್ತ ನಿಂತಿದ್ದರು. ಗೌಡ ಸುತ್ತ ನೋಡಿದ. ಆ ಕಡೆಯ ಸುಣ್ಣದ ಗುರುತು ಬೆಣಕನೂರಿನದು, ಈ ಕಡೆಯದು ತನ್ನ ಊರಿನದು, ತಾನು ಕೂತ ನೆಲ ಯಾರದೂ ಅಲ್ಲ. "ಇದು ಯಾವ ಊರೂ ಅಲ್ಲಲ್ಲೋ," ಎಂದು ಬೊಗಸೆ ಒಡ್ಡಿದ. ಉಚ್ಚೆಂಗೆಪ್ಪ ಎರೆದ. ಗೌಡ ಕುಡಿದ, ಇನ್ನೊಂದು ಸಲ ಒಡ್ಡಿದ, ಮತ್ತೂ ಕುಡಿದ.

ಅರೆಹಾಳಿನಿಂದ ಬೆಣಕನೂರಿಗೆ ಹೋಗುವ ಬಸ್ಸಿನಲ್ಲಿ ಗುಡ್ಡದ ನಿಲ್ದಾಣಕ್ಕೆ ಇಳಿದು ಹತ್ತಿದರೆ ಈಗಲೂ ಎಲ್ಲ ಕಾಣಸಿಗುತ್ತದೆ. ಸುಣ್ಣದ ಗುರುತುಗಳ ಜಾಗದಲ್ಲಿ ನೆಟ್ಟ ಎರಡು ಸಾಲು ಎಲ್ಲೆಗಲ್ಲು ಕೆಳಗೆ ಕೂಡಿಕೊಂಡು, ಮೇಲೆ ದೂರ ಸರಿದು, ಆಚೆ ತಪ್ಪಲಿನಲ್ಲಿ ಮತ್ತೆ ಕೂಡುತ್ತವೆ. ನಲ್ಲಿ ಬಂದು ಮೂವತ್ತು ವರ್ಷವಾದರೂ ದೋಣೆಗೆ ಬರುವವರು ಕಡಿಮೆಯಾಗಿಲ್ಲ.

ಹೋದವರು ಒಂದು ವಿಷಯ ತಿಳಿದಿರಬೇಕು. ಅಲ್ಲಿ ಯಾರೂ ತನಗೆ ತಾನೇ ನೀರು ತೋಡಿಕೊಂಡು ಕುಡಿಯುವುದಿಲ್ಲ. ಬೊಗಸೆ ಒಡ್ಡಿ ನಿಲ್ಲಬೇಕು, ಹತ್ತಿರ ಯಾರಿದ್ದಾರೋ ಅವರು ಎರೆಯುತ್ತಾರೆ. ಎರೆಯುವವರು ಯಾವ ಊರಿನವರು, ಯಾವ ಕೇರಿಯವರು ಎಂದು ಕೇಳುವ ರೂಢಿ ಇಲ್ಲ. ಒಬ್ಬರೇ ಹೋದವರು ಇನ್ನೊಬ್ಬರು ಹತ್ತಿ ಬರುವವರೆಗೆ ಬಾಯಾರಿಕೊಂಡು ಕಾಯುತ್ತಾರೆ.